ಇಂಗ್ಲಿಷರ ಇಟ್ಟಿಗೆ: ಹೊಗಳಿಕೆಗೂ ಸೈ, ಹೊಡೆತಕ್ಕೂ ಸೈ

'ಅವನೊಂದು ಇಟ್ಟಿಗೆ' ಎಂದು ಯಾರಾದರೂ ಕನ್ನಡದಲ್ಲಿ ಹೇಳಿದರೆ ಕೇಳಿದವರು ಏನೆಂದುಕೊಂಡಾರು? ದಡ್ಡ ಎನ್ನುತ್ತಿರಬೇಕು, ಇಲ್ಲವೇ ಇಟ್ಟ ಕಡೆಯಿಂದ ಅಲುಗದ ಸೋಮಾರಿ ಎನ್ನುತ್ತಿರಬೇಕು ಎಂದೇ ತಿಳಿದಾರು. ಇಂಗ್ಲಿಷಿನಲ್ಲಿ ಇದೇ ಮಾತು ಶುದ್ಧ ಹೊಗಳಿಕೆ. 'ಹೀ ಈಸ್ ಎ ಬ್ರಿಕ್' ಎಂದರೆ ಕಷ್ಟಕಾಲಕ್ಕೆ ಒದಗುವವನು, ಕೊಟ್ಟ ಮಾತಿಗೆ ತಪ್ಪದವನು, ಸದ್ದಿಲ್ಲದೆ ಹೆಗಲು ಕೊಟ್ಟು ನಿಲ್ಲುವ ಗಟ್ಟಿ ಮನುಷ್ಯ ಎಂದರ್ಥ. ಎನಿಡ್ ಬ್ಲೈಟನ್ ಕಥೆಪುಸ್ತಕಗಳನ್ನು ಓದಿ ಬೆಳೆದವರಿಗೆ ಈ ಮಾತು ಹೊಸತಲ್ಲ. ಆ ಕಥೆಗಳ ಮಕ್ಕಳು ಒಬ್ಬರನ್ನೊಬ್ಬರು ಮೆಚ್ಚಿದಾಗಲೆಲ್ಲ 'ನೀನು ಬ್ರಿಕ್' ಎನ್ನುತ್ತಾರೆ.

ಆದರೆ ಅದೇ ಇಂಗ್ಲಿಷಿನಲ್ಲಿ 'ಥಿಕ್ ಆ್ಯಸ್ ಎ ಬ್ರಿಕ್' ಎಂದರೆ ಶತದಡ್ಡ. 'ಡ್ರಾಪ್ ಎ ಬ್ರಿಕ್' ಎಂದರೆ ಆಡಬಾರದ ಜಾಗದಲ್ಲಿ ಆಡಬಾರದ ಮಾತು ಆಡಿ ನಾಲಿಗೆ ಕಚ್ಚಿಕೊಳ್ಳುವುದು. ಒಬ್ಬರ ಮೇಲೆ 'ಟನ್ ಇಟ್ಟಿಗೆಯಂತೆ' ಬಿದ್ದರು ಎಂದರೆ ಉಸಿರೆತ್ತಲು ಬಿಡದಂತೆ ತರಾಟೆಗೆ ತೆಗೆದುಕೊಂಡರು ಎಂದು. ಚಿಕ್ಕ ಶಬ್ದಕೋಶ ತೆರೆದು ನೋಡಿದರೆ 'ಬ್ರಿಕ್' ಎಂಬುದರ ಎದುರು ಇರುವುದು 'ಇಟ್ಟಿಗೆ' ಎಂಬ ಒಂದೇ ಅರ್ಥ. ಆ ಒಂದನ್ನೇ ನೆಚ್ಚಿ ಎಡವಿದವರು ಹತ್ತನೇ ತರಗತಿಯ ಪರೀಕ್ಷಾ ಕೊಠಡಿಯಲ್ಲೂ ಇದ್ದಾರೆ, ಸುದ್ದಿ ಅನುವಾದ ಮಾಡುವ ಮೇಜುಗಳ ಮುಂದೆಯೂ ಇದ್ದಾರೆ.

ಈ ನುಡಿಗಟ್ಟುಗಳನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡಬೇಕಾಗಿಲ್ಲ. ಇಟ್ಟಿಗೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಸಾಕು. ಅದು ಒಂದು ಅಂಗೈಗೆ ಹಿಡಿಯುತ್ತದೆ, ಎತ್ತಬಹುದು, ಎಸೆಯಬಹುದು. ಕಾಲ ಮೇಲೆ ಬಿದ್ದರೆ ಜೀವ ಹೋದಂತಾಗುತ್ತದೆ. ಒಂದರಂತೆಯೇ ಇನ್ನೊಂದು ಇರುತ್ತದೆ. ಒಂದೇ ಇದ್ದರೆ ಏನಕ್ಕೂ ಬಾರದು, ಸಾವಿರ ಇದ್ದರೆ ಮನೆ. ಇಂಗ್ಲಿಷಿನ ಇಟ್ಟಿಗೆ ಮಾತುಗಳೆಲ್ಲವೂ ಈ ಗುಣಗಳಲ್ಲಿ ಯಾವುದಾದರೊಂದನ್ನು ಹಿಡಿದುಕೊಂಡೇ ಹುಟ್ಟಿದವು.

ಮುರಿದ ತುಂಡಿಗೆ ಬಂದ ಹೆಸರು

ಇಂಗ್ಲೆಂಡಿನಲ್ಲಿ ಇಟ್ಟಿಗೆಗಿಂತ 'ಬ್ರಿಕ್' ಎಂಬ ಹೆಸರು ಎಷ್ಟೋ ಕಿರಿಯದು. ಅಲ್ಲಿಗೆ ಸುಟ್ಟ ಇಟ್ಟಿಗೆಯನ್ನು ತಂದವರು ರೋಮನ್ನರು. ಐದನೇ ಶತಮಾನದಲ್ಲಿ ಅವರು ಬ್ರಿಟನ್ ಬಿಟ್ಟು ಹೊರಟಾಗ ಇಟ್ಟಿಗೆ ಸುಡುವ ವಿದ್ಯೆಯೂ ಅವರ ಜೊತೆಗೇ ಹೋಯಿತು. ಆಮೇಲೆ ನೂರಾರು ವರ್ಷ ಅಲ್ಲಿಯ ಜನ ಪಾಳುಬಿದ್ದ ರೋಮನ್ ಊರುಗಳಿಂದ ಹಳೆಯ ಇಟ್ಟಿಗೆಗಳನ್ನೇ ಕಿತ್ತು ತಂದು ಬಳಸಿದರು. ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಚರ್ಚಿನ ಗೋಪುರವನ್ನು ಈಗಲೂ ನೋಡಬಹುದು. ಅದು ಎದ್ದು ನಿಂತದ್ದು ಪಕ್ಕದ ವೆರುಲೇಮಿಯಂ ಎಂಬ ರೋಮನ್ ಪಟ್ಟಣದ ಇಟ್ಟಿಗೆಗಳಿಂದ.

ಆ ಕಾಲದ ಇಂಗ್ಲಿಷಿನಲ್ಲಿ ಇಟ್ಟಿಗೆಗೆ ಬೇರೆ ಹೆಸರೇ ಇರಲಿಲ್ಲ. ಲ್ಯಾಟಿನ್ನಿನ 'ತೆಗುಲಾ' ಎಂಬುದರಿಂದ ಬಂದ 'ಟೈಲ್' ಎಂಬ ಒಂದೇ ಮಾತು ಚಾವಣಿಯ ಹಂಚಿಗೂ ಗೋಡೆಯ ಇಟ್ಟಿಗೆಗೂ ನಡೆಯುತ್ತಿತ್ತು. ಇಟ್ಟಿಗೆಯೆಂದೇ ಸ್ಪಷ್ಟವಾಗಿ ಹೇಳಬೇಕಾದಾಗ 'ಗೋಡೆ ಹಂಚು' ಎನ್ನುತ್ತಿದ್ದರು. ಸಮುದ್ರದಾಚೆಯ ಫ್ಲಾಂಡರ್ಸ್ ಸೀಮೆಯಿಂದ ಹಡಗಿನಲ್ಲಿ ಇಟ್ಟಿಗೆ ಬರತೊಡಗಿದ ಮೇಲೆ, ಇಟ್ಟಿಗೆ ಸುಡಬಲ್ಲ ಕೆಲಸಗಾರರೂ ಬಂದ ಮೇಲೆ, ಅವರ ಬಾಯಲ್ಲಿದ್ದ ಹೆಸರೂ ಇಂಗ್ಲೆಂಡಿನಲ್ಲಿ ಇಳಿಯಿತು. 15ನೇ ಶತಮಾನದ ಆರಂಭದಿಂದ 'ಬ್ರಿಕ್' ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಡಚ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಅದರ ಮೂಲ ಅರ್ಥ ಚೂರು, ತುಂಡು. ಮುರಿಯುವುದು ಎಂಬರ್ಥದ 'ಬ್ರೇಕ್' ಅದಕ್ಕೆ ದಾಯಾದಿ. ಗೋಡೆಯನ್ನು ಕಟ್ಟುವ ವಸ್ತುವಿಗೆ ಮುರಿಯುವ ಕ್ರಿಯೆಯಿಂದ ಹೆಸರು ಬಂದದ್ದು ಸೋಜಿಗವೇ ಸರಿ. ನಮ್ಮ 'ಇಟ್ಟಿಗೆ' ಸಂಸ್ಕೃತದ 'ಇಷ್ಟಕಾ' ಎಂಬುದರ ತದ್ಭವ. ಅದು ಹೊತ್ತು ತಂದದ್ದು ಯಜ್ಞವೇದಿಕೆಯ ನೆನಪು. ವೈದಿಕರು ಅಗ್ನಿಚಯನಕ್ಕೆ ಹಕ್ಕಿಯಾಕಾರದ ವೇದಿಯನ್ನು ಇಟ್ಟಿಗೆಯಿಂದಲೇ ಕಟ್ಟುತ್ತಿದ್ದರು.

ಇಟ್ಟಿಗೆ ಇಂಗ್ಲೆಂಡಿನ ಸಾಮಾನ್ಯನ ಮನೆಯ ಗೋಡೆಯಾದದ್ದು ಒಂದು ದುರಂತದಿಂದ. 1666ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರೊಟ್ಟಿ ಅಂಗಡಿಯೊಂದರಲ್ಲಿ ಹೊತ್ತಿದ ಬೆಂಕಿ ನಾಲ್ಕು ದಿನ ಉರಿದು, ಮರದ ಚೌಕಟ್ಟಿನ 13 ಸಾವಿರಕ್ಕೂ ಹೆಚ್ಚು ಮನೆಗಳನ್ನು ಬೂದಿ ಮಾಡಿತು. ಮರುವರ್ಷವೇ ಬಂದ ಪುನರ್ನಿರ್ಮಾಣ ಕಾಯಿದೆ, ನಗರದ ಮನೆಗಳ ಹೊರಗೋಡೆ ಇಟ್ಟಿಗೆಯದ್ದೋ ಕಲ್ಲಿನದ್ದೋ ಆಗಿರಲೇಬೇಕು ಎಂದು ಕಟ್ಟುಮಾಡಿತು. ಕಲ್ಲು ದುಬಾರಿ, ಲಂಡನ್ನಿನ ಕೆಳಗೆಲ್ಲ ಜೇಡಿಮಣ್ಣು. ಹೀಗಾಗಿ ಇಡೀ ಪಟ್ಟಣ ಇಟ್ಟಿಗೆಗೆ ತಿರುಗಿತು.

ಜನಕ್ಕೆ ಬೇಕಾದದ್ದರ ಮೇಲೆ ಸರ್ಕಾರದ ಕಣ್ಣು ಬೀಳದೆ ಇದ್ದೀತೇ? ಅಮೆರಿಕದ ಯುದ್ಧದಲ್ಲಿ ಬರಿದಾದ ಬೊಕ್ಕಸ ತುಂಬಲು 1784ರಲ್ಲಿ ಇಟ್ಟಿಗೆಗೂ ತೆರಿಗೆ ಬಂತು, ಸಾವಿರಕ್ಕೆ ಎರಡೂವರೆ ಷಿಲಿಂಗ್. ತೆರಿಗೆ ಇದ್ದದ್ದು ಎಣಿಕೆಯ ಮೇಲೆ. ಇಟ್ಟಿಗೆ ಸುಡುವವರು ಅಚ್ಚನ್ನೇ ದೊಡ್ಡದು ಮಾಡಿಕೊಂಡರು. ಲೆಸ್ಟರ್‌ಷೈರಿನ ಮೀಷಮ್ ಎಂಬಲ್ಲಿ ಜೋಸೆಫ್ ವಿಲ್ಕ್ಸ್ ಎಂಬ ಉದ್ಯಮಿ ಮಾಡಿಸಿದ ದಪ್ಪ ಇಟ್ಟಿಗೆಗಳು 'ಗಾಬ್' ಎಂಬ ಅಡ್ಡಹೆಸರಿನಿಂದ ಈಗಲೂ ಅಲ್ಲಿಯ ಹಳೆಯ ಮನೆಗಳಲ್ಲಿ ಉಳಿದಿವೆ. ಸರ್ಕಾರ ಎಚ್ಚೆತ್ತು ದೊಡ್ಡ ಇಟ್ಟಿಗೆಗೆ ಹೆಚ್ಚು ತೆರಿಗೆ ಹಾಕಿತು. ಈ ಕಣ್ಣಾಮುಚ್ಚಾಲೆ ಮುಗಿದು ತೆರಿಗೆ ರದ್ದಾದದ್ದು 1850ರಲ್ಲಿ.

ಸಾವಿರದ ಲೆಕ್ಕ, ಟನ್ನಿನ ಏಟು

ತೆರಿಗೆ ಸಾವಿರಕ್ಕೆ ಇಷ್ಟೆಂದು ಇದ್ದದ್ದಕ್ಕೆ ಕಾರಣವಿದೆ. ಇಟ್ಟಿಗೆಯ ವ್ಯಾಪಾರ ಅಲ್ಲಿಯೂ ಇಲ್ಲಿಯೂ ಸಾವಿರದ ಲೆಕ್ಕದಲ್ಲೇ. ಮನೆ ಕಟ್ಟಿಸುವವರು ಇಂದಿಗೂ 'ಸಾವಿರಕ್ಕೆ ಎಷ್ಟು?' ಎಂದೇ ಕೇಳುತ್ತಾರೆ. ಈ ವ್ಯಾಪಾರದ ಮಾತೇ ನುಡಿಗಟ್ಟಾದದ್ದು ಅಮೆರಿಕದಲ್ಲಿ. 19ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿಯವರು ಯಾರ ಮೇಲಾದರೂ ಜೋರಾಗಿ ಎರಗುವುದನ್ನು 'ಸಾವಿರ ಇಟ್ಟಿಗೆ ಬಿದ್ದಂತೆ' ಎನ್ನುತ್ತಿದ್ದರು. ಈಗ ಎಲ್ಲೆಡೆ ಬಳಕೆಯಲ್ಲಿರುವ 'ಟನ್ ಇಟ್ಟಿಗೆ' ಅದರ ನಂತರದ ರೂಪ. ತೂಗಿ ನೋಡಿದರೆ ಹೊಸ ಮಾತು ಹಳೆಯದಕ್ಕಿಂತ ಹಗುರ! ಒಂದು ಇಟ್ಟಿಗೆಗೆ ಸುಮಾರು ಮೂರು ಕಿಲೋ ಎಂದಿಟ್ಟುಕೊಂಡರೆ ಸಾವಿರ ಇಟ್ಟಿಗೆಗೆ ಮೂರು ಟನ್. ಒಂದು ಟನ್ನಿಗೆ ಮುನ್ನೂರು ಚಿಲ್ಲರೆ ಇಟ್ಟಿಗೆ ಅಷ್ಟೆ. ಬೀಳಿಸಿಕೊಂಡವರಿಗೆ ವ್ಯತ್ಯಾಸ ತಿಳಿಯಲಾರದು ಎನ್ನಿ.

'ಬ್ರಿಕ್‌ಬ್ಯಾಟ್' ಎಂಬ ಮಾತನ್ನು ಕೇಳಿದರೆ ಕ್ರಿಕೆಟ್ ಬ್ಯಾಟ್ ನೆನಪಾಗುವುದು ಸಹಜ. ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಇಲ್ಲಿ 'ಬ್ಯಾಟ್' ಎಂದರೆ ತುಂಡು. ಗಾರೆ ಕೆಲಸದವರು ಗೋಡೆಯ ತುದಿಗೆ ಬೇಕಾದ ಅಳತೆಗೆ ಇಟ್ಟಿಗೆಯನ್ನು ಒಡೆದುಕೊಳ್ಳುತ್ತಾರಲ್ಲ, ಆ ಅರ್ಧ ಇಟ್ಟಿಗೆಗೆ ಎಂಜಿನಿಯರುಗಳು 'ಹಾಫ್ ಬ್ಯಾಟ್' ಎನ್ನುತ್ತಾರೆ. ಇಡೀ ಇಟ್ಟಿಗೆಯನ್ನು ದೂರ ಎಸೆಯುವುದು ಕಷ್ಟ; ಅರ್ಧ ಇಟ್ಟಿಗೆ ಕೈಗೆ ಹೇಳಿ ಮಾಡಿಸಿದಂತಿರುತ್ತದೆ, ಗುರಿಯನ್ನೂ ಮುಟ್ಟುತ್ತದೆ. ಬೀದಿ ಗಲಭೆಗಳಲ್ಲಿ ಹಾರಾಡಿದ ಈ ತುಂಡುಗಳು 17ನೇ ಶತಮಾನದ ಹೊತ್ತಿಗೇ ಕಟುಟೀಕೆ ಎಂಬ ಅರ್ಥ ಪಡೆದವು. ಇಂಗ್ಲಿಷ್ ಪತ್ರಿಕೆಗಳಿಗೆ 'ಬೊಕೆ ಮತ್ತು ಬ್ರಿಕ್‌ಬ್ಯಾಟ್' ಎಂಬ ಜೋಡಿ ಬಹಳ ಪ್ರೀತಿಯದು. ಕನ್ನಡದಲ್ಲಿ ಇದಕ್ಕೆ ಒಪ್ಪುವ ಜೋಡಿ 'ಹೂಮಾಲೆ, ಕಲ್ಲೇಟು'. 'ಹೂಗುಚ್ಛ ಮತ್ತು ಇಟ್ಟಿಗೆ ಚೂರು' ಎಂದು ಅನುವಾದಿಸಿದರೆ ಓದುಗರು ಕಟ್ಟಡದ ಉದ್ಘಾಟನೆಯ ವರದಿ ಎಂದುಕೊಂಡಾರು.

'ಡ್ರಾಪ್ ಎ ಬ್ರಿಕ್' ಎಂಬುದರ ಹುಟ್ಟಿನ ಬಗ್ಗೆ ಕಥೆ ಕಟ್ಟಬೇಕಾದ್ದಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಯಾರದೋ ಕೈಜಾರಿ ಇಟ್ಟಿಗೆಯೊಂದು ಬಿದ್ದರೆ ಹೇಗಿರುತ್ತದೆ? ಎಲ್ಲರೂ ತಿರುಗಿ ನೋಡುತ್ತಾರೆ, ಬೀಳಿಸಿದವನು ಕಾಲನ್ನೂ ಮರ್ಯಾದೆಯನ್ನೂ ಒಟ್ಟಿಗೇ ನೋಡಿಕೊಳ್ಳಬೇಕಾಗುತ್ತದೆ. ಗಂಡ ಹೆಂಡತಿ ಬೇರೆಯಾದ ವಿಷಯ ತಿಳಿಯದೆ 'ಯಜಮಾನರು ಬರಲಿಲ್ಲವೇ?' ಎಂದು ಮದುವೆ ಮನೆಯಲ್ಲಿ ಕೇಳಿದವರು ಬೀಳಿಸಿದ್ದು ಇಂಥ ಇಟ್ಟಿಗೆಯನ್ನೇ.

ಹುಲ್ಲಿಲ್ಲದ ಇಟ್ಟಿಗೆ

ಇವೆಲ್ಲಕ್ಕಿಂತ ಹಳೆಯದು, ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವುದು, 'ಹುಲ್ಲಿಲ್ಲದೆ ಇಟ್ಟಿಗೆ ಮಾಡುವುದು' ಎಂಬ ಮಾತು. ಬೇಕಾದ ಸಾಮಗ್ರಿ ಕೈಯಲ್ಲಿಲ್ಲದೆ ಕೆಲಸ ಮಾಡುವುದಕ್ಕೆ ಇಂಗ್ಲಿಷಿನವರು ಹೀಗೆನ್ನುತ್ತಾರೆ. ಪುಸ್ತಕವಿಲ್ಲದ ಶಾಲೆಯ ಮೇಷ್ಟ್ರು, ಔಷಧಿಯಿಲ್ಲದ ಆಸ್ಪತ್ರೆಯ ವೈದ್ಯರು, ಪುರಾವೆಯಿಲ್ಲದ ಪ್ರಕರಣದ ಪೊಲೀಸರು ಎಲ್ಲರೂ ಹುಲ್ಲಿಲ್ಲದೆ ಇಟ್ಟಿಗೆ ಮಾಡುವವರೇ. ಕೆಲವೊಮ್ಮೆ ಇದನ್ನು ಶಹಬ್ಬಾಸ್‌ಗಿರಿಯಂತೆಯೂ ಹೇಳುವುದುಂಟು: ಏನೂ ಇಲ್ಲದೆಯೂ ಮಾಡಿ ತೋರಿಸಿದ ಜಾಣ ಎಂಬಂತೆ. ಆದರೆ ಮಾತು ಹುಟ್ಟಿದ ಕಥೆಯಲ್ಲಿ ಜಾಣತನವೂ ಇಲ್ಲ, ಶಹಬ್ಬಾಸ್‌ಗಿರಿಯೂ ಇಲ್ಲ.

ಕಥೆ ಇರುವುದು ಬೈಬಲಿನ ವಿಮೋಚನಕಾಂಡದ ಐದನೇ ಅಧ್ಯಾಯದಲ್ಲಿ. ಈಜಿಪ್ಟಿನಲ್ಲಿ ಬಿಟ್ಟಿ ದುಡಿಮೆಗೆ ಸಿಲುಕಿದ್ದ ಇಸ್ರಾಯೇಲ್ಯರ ಪರವಾಗಿ ಮೋಶೆ ಮತ್ತು ಆರೋನ ಅರಸನಾದ ಫರೋಹನ ಬಳಿಗೆ ಹೋಗುತ್ತಾರೆ. ಮರುಭೂಮಿಯಲ್ಲಿ ತಮ್ಮ ದೇವರಿಗೆ ಹಬ್ಬ ನಡೆಸಲು ಜನರಿಗೆ ಬಿಡುವು ಕೊಡಬೇಕೆಂದು ಕೇಳುತ್ತಾರೆ. ಬಿಡುವು ಕೇಳುವಷ್ಟು ಸೊಕ್ಕು ಬಂದಿದೆಯೆಂದರೆ ಇವರಿಗೆ ಕೆಲಸ ಸಾಲದಾಗಿದೆ ಎಂದು ಅರಸ ತೀರ್ಮಾನಿಸುತ್ತಾನೆ. ಅಂದಿನಿಂದ ಇಟ್ಟಿಗೆಗೆ ಬೇಕಾದ ಹುಲ್ಲನ್ನು ಅರಮನೆಯ ಕಡೆಯಿಂದ ಕೊಡುವುದು ನಿಲ್ಲುತ್ತದೆ. ಹುಲ್ಲನ್ನು ಅವರೇ ಹುಡುಕಿ ತಂದುಕೊಳ್ಳಬೇಕು. ಆದರೆ ದಿನಕ್ಕೆ ಒಪ್ಪಿಸಬೇಕಾದ ಇಟ್ಟಿಗೆಯ ಲೆಕ್ಕದಲ್ಲಿ ಒಂದೂ ಕಡಿಮೆಯಾಗಕೂಡದು. ಜನ ದೇಶದ ತುಂಬ ಚೆದುರಿ, ಕೊಯ್ದ ಹೊಲಗಳಲ್ಲಿ ಉಳಿದ ಕೂಳೆಯನ್ನು ಆರಿಸತೊಡಗುತ್ತಾರೆ. ಲೆಕ್ಕ ತುಂಬುವುದಿಲ್ಲ. ಇಸ್ರಾಯೇಲ್ಯರ ಪೈಕಿಯೇ ಮೇಲ್ವಿಚಾರಣೆಗೆ ನೇಮಕವಾಗಿದ್ದವರಿಗೆ ಛಡಿಯೇಟು ಬೀಳುತ್ತದೆ.

ಗಮನಿಸಬೇಕಾದದ್ದು ಇಷ್ಟೇ: ಮೂಲ ಕಥೆಯಲ್ಲಿ ಹುಲ್ಲಿಲ್ಲದ ಇಟ್ಟಿಗೆ ಎಂಬುದೇ ಇಲ್ಲ. ಇಟ್ಟಿಗೆಗೆ ಹುಲ್ಲು ಬಿದ್ದೇ ಬೀಳುತ್ತದೆ. ಅದನ್ನು ತರುವ ಹೊರೆ ಮಾತ್ರ ದುಡಿಯುವವರ ತಲೆಗೆ ಬರುತ್ತದೆ. ಅದೇ ಗಡುವು, ಅದೇ ಲೆಕ್ಕ, ಮೇಲಿನಿಂದ ಸಿಗುತ್ತಿದ್ದ ಸಾಮಗ್ರಿ ಮಾತ್ರ ಇಲ್ಲ. ಕಚೇರಿಗಳಲ್ಲಿ ದುಡಿಯುವವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಲ್ಲು ಏಕೆ ಬೇಕು ಎಂಬುದು ನಮ್ಮ ಹಳ್ಳಿಗಳ ಹಿರಿಯರಿಗೆ ಗೊತ್ತು. ಮಣ್ಣಿನ ಗೋಡೆ ಎಬ್ಬಿಸುವಾಗ, ಗೋಡೆಗೆ ಮೆತ್ತುವಾಗ, ಕಲಸಿದ ಮಣ್ಣಿಗೆ ಹೊಟ್ಟನ್ನೋ ಕತ್ತರಿಸಿದ ಹುಲ್ಲನ್ನೋ ಸೇರಿಸಿ ತುಳಿಯುತ್ತಿದ್ದರು. ಬಿಸಿಲಿಗೆ ಒಣಗುವಾಗ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಹುಲ್ಲಿನ ಎಳೆಗಳು ಅದನ್ನು ಹಿಡಿದಿಡುತ್ತವೆ. ನೈಲ್ ನದಿಯ ಮೆಕ್ಕಲು ಮಣ್ಣಿನಲ್ಲಿ ಬಿಸಿಲಿಗೆ ಒಣಗಿಸಿ ಮಾಡುತ್ತಿದ್ದ ಇಟ್ಟಿಗೆಗೆ ಇದು ಬೇಕೇ ಬೇಕು. ಗೂಡಿನಲ್ಲಿ ಸುಡುವ ಇಂಗ್ಲೆಂಡಿನ ಇಟ್ಟಿಗೆಗೆ ಹುಲ್ಲಿನ ಹಂಗಿಲ್ಲ. ಅಂದರೆ ಇಂಗ್ಲಿಷರು ತಮ್ಮ ಕಣ್ಣೆದುರು ನಡೆಯದ ಕೆಲಸದಿಂದ, ಕೇವಲ ಗ್ರಂಥದಿಂದ ಈ ನುಡಿಗಟ್ಟನ್ನು ಪಡೆದರು. ಅರ್ಥ ಜಾರಿದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಕನ್ನಡದ ಅನುವಾದಕರು ಇದಕ್ಕೆ 'ಬರಿಗೈಯಲ್ಲಿ ಮೊಳ ಹಾಕುವುದು' ಎಂಬುದನ್ನು ಹೊಂದಿಸಲು ಹೋಗುವುದುಂಟು. ಹೊಂದುವುದಿಲ್ಲ. ಬರಿಗೈಯಲ್ಲಿ ಮೊಳ ಹಾಕುವವನು ಏನೂ ಇಲ್ಲದೆ ಆಸೆ ತೋರಿಸುವವನು. ಇಟ್ಟಿಗೆ ಮಾಡುವವನು ಏನೂ ಇಲ್ಲದೆ ದುಡಿದು ಬೆನ್ನಿಗೆ ಏಟು ತಿನ್ನುವವನು. ಮೊದಲನೆಯವನು ಫರೋಹನಿಗೆ ಹತ್ತಿರದವನು.

ಈ ಮಾತಿಗೆ ಕರ್ನಾಟಕದಲ್ಲಿ ಅನುವಾದವೇ ಬೇಡದ ಜಾಗಗಳೂ ಇವೆ. ಬೆಂಗಳೂರಿನ ಸುತ್ತಮುತ್ತಲ ತಾಲ್ಲೂಕುಗಳ ಇಟ್ಟಿಗೆ ಗೂಡುಗಳಲ್ಲಿ ದುಡಿಯಲು ಒಡಿಶಾದಿಂದ, ಉತ್ತರ ಕರ್ನಾಟಕದ ಬರಪೀಡಿತ ಊರುಗಳಿಂದ ಕುಟುಂಬಗಳು ಬರುತ್ತವೆ. ಮುಂಗಡ ಹಣ ಪಡೆದು ಬಂದವರಿಗೆ ಕೂಲಿಯ ಲೆಕ್ಕ ದಿನಕ್ಕಲ್ಲ, ಸಾವಿರ ಇಟ್ಟಿಗೆಗೆ. ಮಳೆ ಬಂದು ಒಣಗಲು ಹಾಕಿದ ಹಸಿ ಇಟ್ಟಿಗೆ ಕರಗಿದರೆ ಅದು ಸಾವಿರದ ಲೆಕ್ಕಕ್ಕೆ ಬಾರದೆ ಹೋಗುವುದುಂಟು, ಮುಂಗಡ ತೀರುವುದಿಲ್ಲ. ಜೀತ ಪದ್ಧತಿಯನ್ನು ರದ್ದು ಮಾಡುವ ಕಾನೂನು ದೇಶದಲ್ಲಿ ಬಂದದ್ದು 1976ರಲ್ಲಿ. ಆಮೇಲೂ ಇಟ್ಟಿಗೆ ಗೂಡುಗಳಿಂದ ಅಧಿಕಾರಿಗಳು ಕುಟುಂಬ ಕುಟುಂಬಗಳನ್ನೇ ಜೀತಮುಕ್ತಗೊಳಿಸಿ ಬಿಡುಗಡೆ ಪತ್ರ ಕೊಟ್ಟು ಊರಿಗೆ ಕಳಿಸಿದ ಪ್ರಕರಣಗಳು ಒಂದೆರಡಲ್ಲ. ಬೈಬಲಿನ ಆ ಅಧ್ಯಾಯವನ್ನು ಅವರಿಗೆ ಓದಿ ಹೇಳಿದರೆ, ಹುಲ್ಲೊಂದನ್ನು ಬಿಟ್ಟು ಉಳಿದದ್ದೆಲ್ಲ ಪರಿಚಿತವೆನಿಸೀತು.

ಗೋಡೆಯ ಎರಡು ಮುಖ

ಮತ್ತೆ ಹೊಗಳಿಕೆಯ ಇಟ್ಟಿಗೆಗೆ ಬರೋಣ. ಒಳ್ಳೆಯವನನ್ನು 'ಬ್ರಿಕ್' ಎನ್ನುವುದಕ್ಕೆ ಗ್ರೀಸಿನ ಕಥೆಯೊಂದನ್ನು ಮೂಲವೆಂದು ಹೇಳುವ ವಾಡಿಕೆಯಿದೆ. ಸ್ಪಾರ್ಟಾ ನಗರಕ್ಕೆ ಕೋಟೆಗೋಡೆ ಇರಲಿಲ್ಲ. ಹೊರದೇಶದ ರಾಯಭಾರಿಯೊಬ್ಬ ಗೋಡೆಯೆಲ್ಲಿ ಎಂದು ಕೇಳಿದಾಗ ಅರಸ ತನ್ನ ಸೈನಿಕರ ಸಾಲನ್ನು ತೋರಿಸಿ, ಇದೇ ಗೋಡೆ, ಇವರಲ್ಲಿ ಒಬ್ಬೊಬ್ಬನೂ ಒಂದೊಂದು ಇಟ್ಟಿಗೆ ಎಂದನಂತೆ. ಇಟ್ಟಿಗೆಯ ಬದಲು ಮನುಷ್ಯರೇ ಗೋಡೆಯಾದ ಊರು ಭದ್ರ ಎಂಬ ಆಶಯದ ಮಾತು ಪ್ಲುಟಾರ್ಕ್ ಬರೆದ ಲೈಕರ್ಗಸನ ಚರಿತ್ರೆಯಲ್ಲಿ ಇದ್ದೇ ಇದೆ. ಆದರೆ ಇಂಗ್ಲಿಷಿನಲ್ಲಿ ಈ ಹೊಗಳಿಕೆ ಕಾಣಿಸಿಕೊಳ್ಳುವುದು 1840ರ ಆಸುಪಾಸಿನಲ್ಲಿ, ಅದೂ ಹುಡುಗರ ಪೋಲಿ ಭಾಷೆಯಲ್ಲಿ. ಗ್ರೀಕ್ ಪಾಠ ಓದಿದ್ದ ಹುಡುಗರೇ ಅದನ್ನು ಎತ್ತಿಕೊಂಡರೋ, ಅಥವಾ ಗಟ್ಟಿ, ಚೌಕ, ನೇರ ಎಂಬ ಇಟ್ಟಿಗೆಯ ಗುಣಗಳೇ ಸಾಕಾದವೋ, ಎರಡಕ್ಕೂ ಅವಕಾಶವಿದೆ. ಕಥೆ ಚೆನ್ನಾಗಿದೆ ಎಂಬುದೇ ಅದು ನಿಜವೆನ್ನಲು ಆಧಾರವಾಗುವುದಿಲ್ಲ.

ಸ್ಪಾರ್ಟಾದ ಗೋಡೆಯಲ್ಲಿ ಇಟ್ಟಿಗೆಯಾಗುವುದು ಹೆಮ್ಮೆ. ಅದೇ ರೂಪಕ 1979ರಲ್ಲಿ ತಲೆಕೆಳಗಾಯಿತು. ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡ 'ಅನದರ್ ಬ್ರಿಕ್ ಇನ್ ದಿ ವಾಲ್' ಎಂಬ ಹಾಡನ್ನು ತಂದಿತು. ಅಲ್ಲಿ ಮಕ್ಕಳನ್ನು ಒಂದೇ ಅಚ್ಚಿಗೆ ಹಾಕಿ ತೆಗೆಯುವ ಶಾಲೆಯ ವಿರುದ್ಧ ಸಿಟ್ಟಿದೆ. ಇನ್ನೊಂದು ಇಟ್ಟಿಗೆ ಎಂದರೆ ಇನ್ನೊಂದು ಕಳೆದುಹೋದ ಮುಖ. ಈ ಹಾಡು ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಶಿಕ್ಷಣವನ್ನು ಬಹಿಷ್ಕರಿಸಿದ್ದ ವಿದ್ಯಾರ್ಥಿಗಳ ಬಾಯಿಗೆ ಬಂತು. 1980ರಲ್ಲಿ ಅಲ್ಲಿಯ ಸರ್ಕಾರ ಅದನ್ನು ನಿಷೇಧಿಸಿತು. ಎಲ್ಲ ಇಟ್ಟಿಗೆಗಳೂ ಒಂದೇ ತೆರನಾಗಿರುತ್ತವೆ ಎಂಬ ಒಂದೇ ಗುಣ, ಸೈನಿಕನ ಬಾಯಲ್ಲಿ ಹೊಗಳಿಕೆ, ವಿದ್ಯಾರ್ಥಿಯ ಬಾಯಲ್ಲಿ ದೂರು.

'ಇಟ್ಟಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವುದು', 'ಇಟ್ಟಿಗೆ ಗೋಡೆಯೊಡನೆ ಮಾತಾಡುವುದು' ಎಂಬ ಇಂಗ್ಲಿಷ್ ಮಾತುಗಳು ಕನ್ನಡದವರಿಗೆ ಸುಲಭವಾಗಿ ಅರ್ಥವಾಗುತ್ತವೆ. ಆದರೆ ಕನ್ನಡಿಗರು ಇಂಥ ಕಡೆ ಹುಡುಕಿಕೊಂಡು ಹೋಗುವುದು ಇಟ್ಟಿಗೆಯನ್ನಲ್ಲ, ಕಲ್ಲನ್ನು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎನ್ನುತ್ತಾರೆ. ಕರಗದ ಎದೆ ಕಲ್ಲೆದೆ. ಆರಂಭಕ್ಕೆ ಅಡಿಗಲ್ಲು, ಸಾಧನೆಗೆ ಮೈಲಿಗಲ್ಲು, ಪರೀಕ್ಷೆಗೆ ಒರೆಗಲ್ಲು. ಹಾಸನ, ತುಮಕೂರು, ಕೋಲಾರದ ಕಡೆ ಕಣಶಿಲೆಯ ಚಪ್ಪಡಿ, ಕಲಬುರಗಿಯ ಕಡೆ ಶಹಾಬಾದಿ ಕಲ್ಲು, ಕರಾವಳಿಯಲ್ಲಿ ಕೆಂಪು ಮುರಕಲ್ಲು ಕಾಲಬುಡದಲ್ಲೇ ಸಿಗುವ ನಾಡಿನಲ್ಲಿ ಮಾತೂ ಕಲ್ಲಿನಿಂದಲೇ ಕಟ್ಟಿಕೊಂಡಿತು. ನಮ್ಮಲ್ಲಿ ಇಟ್ಟಿಗೆಗೆ ದೊಡ್ಡ ಗೌರವ ಸಿಕ್ಕಿದ್ದು ಪಂಢರಪುರದ ವಿಠಲನ ಪಾದದಡಿ. ತಂದೆತಾಯಿಯ ಸೇವೆಯಲ್ಲಿದ್ದ ಪುಂಡಲೀಕ ಎದ್ದು ಬರಲಾಗದೆ ಎಸೆದ ಇಟ್ಟಿಗೆಯ ಮೇಲೆಯೇ ದೇವರು ಕಾದು ನಿಂತ ಎಂಬ ಆ ಐತಿಹ್ಯ ಪುರಂದರದಾಸರಾದಿಯಾಗಿ ವಿಠಲನ ಅಂಕಿತದ ಹರಿದಾಸರ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಎಸೆದ ಇಟ್ಟಿಗೆ ಟೀಕೆಯಾಗದೆ ಪೀಠವಾದದ್ದು ಬಹುಶಃ ಅದೊಂದೇ!

ಗೋಡೆ ಎಂದರೆ ಅಡ್ಡಿ ಎಂಬ ಇಂಗ್ಲಿಷ್ ಅರ್ಥವನ್ನು ಬೆಂಗಳೂರಿನ ಹುಡುಗನೊಬ್ಬ ಹೆಗ್ಗಳಿಕೆಯಾಗಿ ತಿರುಗಿಸಿದ. ಟೆಸ್ಟ್ ಕ್ರಿಕೆಟ್ಟಿನಲ್ಲಿ 31,258 ಎಸೆತಗಳನ್ನು ಎದುರಿಸಿದ ರಾಹುಲ್ ದ್ರಾವಿಡ್ ಅವರಿಗೆ 'ದಿ ವಾಲ್' ಎಂಬ ಬಿರುದು ಬಂದದ್ದು ಆ ಗೋಡೆಯ ಈಚೆ ನಿಂತ ಅಭಿಮಾನಿಗಳ ದೃಷ್ಟಿಯಿಂದ. ಆಚೆ ನಿಂತ ಬೌಲರುಗಳ ಪಾಲಿಗೆ ಅದು ತಲೆ ಚಚ್ಚಿಕೊಳ್ಳುವ ಗೋಡೆಯೇ ಆಗಿತ್ತು.

ಕೆಂಪು ಇಟ್ಟಿಗೆಯ ಕಾಲೇಜು

'ರೆಡ್‌ಬ್ರಿಕ್ ಯೂನಿವರ್ಸಿಟಿ' ಎಂಬ ಮಾತಿನಲ್ಲಿ ಬಣ್ಣಕ್ಕಿಂತ ಅಂತಸ್ತು ಹೆಚ್ಚು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳು ಶತಮಾನಗಳ ಹಿಂದಿನ ಕಲ್ಲಿನ ಕಟ್ಟಡಗಳ ವಿದ್ಯಾಪೀಠಗಳು. ಕೈಗಾರಿಕಾ ನಗರಗಳು 19ನೇ ಶತಮಾನದ ಕೊನೆ, 20ನೇ ಶತಮಾನದ ಆರಂಭದ ಹೊತ್ತಿಗೆ ತಮ್ಮದೇ ವಿಶ್ವವಿದ್ಯಾಲಯಗಳನ್ನು ಕಟ್ಟಿಕೊಂಡಾಗ ಬಳಸಿದ್ದು ಅಗ್ಗದ, ಹೊಗೆ ಮಸಿಗೆ ಹೆದರದ ಕೆಂಪು ಇಟ್ಟಿಗೆ. ಲಿವರ್‌ಪೂಲಿನ ಸ್ಪ್ಯಾನಿಷ್ ಪ್ರಾಧ್ಯಾಪಕ ಎಡ್ಗರ್ ಆಲಿಸನ್ ಪಿಯರ್ಸ್, ಬ್ರೂಸ್ ಟ್ರಸ್ಕಾಟ್ ಎಂಬ ಗುಪ್ತನಾಮದಲ್ಲಿ 1943ರಲ್ಲಿ 'ರೆಡ್ ಬ್ರಿಕ್ ಯೂನಿವರ್ಸಿಟಿ' ಎಂಬ ಪುಸ್ತಕ ಬರೆದು ಈ ಹೆಸರನ್ನು ಊರ್ಜಿತಗೊಳಿಸಿದ. ಅವನ ಕಣ್ಣ ಮುಂದಿದ್ದದ್ದು 1892ರಲ್ಲಿ ಎದ್ದ ಲಿವರ್‌ಪೂಲಿನ ವಿಕ್ಟೋರಿಯಾ ಕಟ್ಟಡ. ಬರ್ಮಿಂಗ್‌ಹ್ಯಾಮ್, ಬ್ರಿಸ್ಟಲ್, ಲೀಡ್ಸ್, ಲಿವರ್‌ಪೂಲ್, ಮ್ಯಾಂಚೆಸ್ಟರ್, ಶೆಫೀಲ್ಡ್ ಈ ಆರು ಮೂಲದ ಕೆಂಪು ಇಟ್ಟಿಗೆಗಳು. ಹೆಸರಿನಲ್ಲಿ ಮೊದಲು ಇದ್ದ ಸಣ್ಣ ತಾತ್ಸಾರ ಈಗ ಸವೆದು, ಅದೇ ಒಂದು ಪ್ರತಿಷ್ಠೆಯಾಗಿದೆ.

ಕನ್ನಡ ಸಾಹಿತ್ಯಕ್ಕೆ ಈ ಎರಡು ಬಗೆಯ ಗೋಡೆಗಳ ನಂಟೂ ಇದೆ. ಗಿರೀಶ ಕಾರ್ನಾಡರು ಓದಿದ್ದು ಕಲ್ಲಿನ ಆಕ್ಸ್‌ಫರ್ಡಿನಲ್ಲಿ. ಯು.ಆರ್. ಅನಂತಮೂರ್ತಿ ಅವರು 1966ರಲ್ಲಿ ಡಾಕ್ಟರೇಟ್ ಪಡೆದದ್ದು ಕೆಂಪು ಇಟ್ಟಿಗೆಯ ಬರ್ಮಿಂಗ್‌ಹ್ಯಾಮಿನಲ್ಲಿ. ದೂರ್ವಾಸಪುರದ ಅಗ್ರಹಾರದ ಕಥೆಯಾದ 'ಸಂಸ್ಕಾರ'ವನ್ನು ಅವರು ಬರೆದದ್ದೂ ಅಲ್ಲಿದ್ದಾಗಲೇ.

ಉಳಿದ ಇಟ್ಟಿಗೆಗಳಲ್ಲಿ ಕೆಲವನ್ನು ಬೇಗ ಎತ್ತಿಟ್ಟುಬಿಡಬಹುದು. 'ಗೋಲ್ಡ್ ಬ್ರಿಕ್' ಎಂದರೆ ಅಮೆರಿಕದಲ್ಲಿ ಮೋಸ: ಚಿನ್ನದ ನೀರು ಕುಡಿಸಿದ ಗಟ್ಟಿಯನ್ನು ಅಪ್ಪಟವೆಂದು ಮಾರುತ್ತಿದ್ದ ವಂಚಕರಿಂದ ಬಂದದ್ದು, ಮುಂದೆ ಅದು ಸೈನ್ಯದಲ್ಲಿ ಕೆಲಸಗಳ್ಳನ ಹೆಸರಾಯಿತು. 'ಲೋಡಿಗೆ ಕೆಲವು ಇಟ್ಟಿಗೆ ಕಡಿಮೆ' ಎಂದರೆ ತಲೆ ಪೂರ್ತಿ ನೆಟ್ಟಗಿಲ್ಲ ಎಂದು. 'ಬ್ರಿಕ್ಸ್ ಆ್ಯಂಡ್ ಮಾರ್ಟರ್', ಅಂದರೆ ಇಟ್ಟಿಗೆ ಮತ್ತು ಗಾರೆ, ಹಿಂದೆ ಮನೆ ಆಸ್ತಿಗೆ ಪರ್ಯಾಯ ಪದವಾಗಿತ್ತು. ಇಂಟರ್‌ನೆಟ್ ವ್ಯಾಪಾರ ಬಂದ ಮೇಲೆ ಬೀದಿಯಲ್ಲಿ ಬಾಗಿಲು ತೆರೆದು ಕೂತ ಅಂಗಡಿಗಳಿಗೆಲ್ಲ ಅದೇ ಹೆಸರು ಅಂಟಿತು. ತಲೆತಲಾಂತರದಿಂದ ಬರೀ 'ಅಂಗಡಿ' ಆಗಿದ್ದದ್ದಕ್ಕೆ ಹೀಗೆ ವಿಶೇಷಣ ಹಚ್ಚಬೇಕಾಗಿ ಬಂದದ್ದು ಅಂಗಡಿಕಾರರಿಗೆ ಶುಭ ಶಕುನವಾಗಿ ಕಂಡಿರಲಾರದು.

1983ರಲ್ಲಿ ಮೊಟೊರೋಲಾ ಕಂಪನಿ ತಂದ ಮೊದಲ ಕೈಫೋನು ಮುಕ್ಕಾಲು ಕಿಲೋಗೂ ಹೆಚ್ಚು ತೂಗುತ್ತಿತ್ತು. ಜನ ಅದನ್ನು ಇಟ್ಟಿಗೆ ಎಂದೇ ಕರೆದರು. ಈಗಿನ ಫೋನು ಬೆರಳಿನಷ್ಟು ತೆಳ್ಳಗಿದ್ದರೂ ತಂತ್ರಾಂಶ ಕೆಟ್ಟು ಸತ್ತರೆ 'ಬ್ರಿಕ್' ಆಯಿತು ಎನ್ನುತ್ತಾರೆ. ಮೊದಲನೆಯದಕ್ಕೆ ಇಟ್ಟಿಗೆಯ ತೂಕ, ಎರಡನೆಯದಕ್ಕೆ ಇಟ್ಟಿಗೆಯ ನಿರ್ಜೀವತೆ. ಅರ್ಥಶಾಸ್ತ್ರಜ್ಞ ಜಿಮ್ ಓ'ನೀಲ್ 2001ರಲ್ಲಿ ಬ್ರೆಜಿಲ್, ರಷ್ಯಾ, ಇಂಡಿಯಾ, ಚೀನಾ ದೇಶಗಳ ಮೊದಲಕ್ಷರ ಜೋಡಿಸಿ 'ಬ್ರಿಕ್' ಎಂದಾಗ ಕಟ್ಟಡದ ಶ್ಲೇಷೆ ಬೇಕೆಂದೇ ಇಟ್ಟದ್ದು. ನಾಲ್ಕು ದೇಶಗಳ ಮೊದಲ ಶೃಂಗಸಭೆ ನಡೆದದ್ದು 2009ರಲ್ಲಿ. ದಕ್ಷಿಣ ಆಫ್ರಿಕಾ ಸೇರಿ 'ಬ್ರಿಕ್ಸ್' ಎಂದು ಬಹುವಚನವಾಯಿತು. ಆಮೇಲೆ ಈಜಿಪ್ಟ್, ಇಂಡೋನೇಷ್ಯಾ ಮೊದಲಾದ ದೇಶಗಳೂ ಬಂದವು. ಅವುಗಳ ಅಕ್ಷರಕ್ಕೆ ಮಾತ್ರ ಈ ಗೋಡೆಯಲ್ಲಿ ಜಾಗ ಸಿಗಲಿಲ್ಲ.

ಇಷ್ಟೆಲ್ಲ ಮಾತುಗಳನ್ನು ಇಂಗ್ಲಿಷಿನಿಂದ ಪಡೆದ ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದ ಇಟ್ಟಿಗೆಯೂ ಒಂದಿದೆ. ಟಿಪ್ಪು ಸುಲ್ತಾನನ ಪತನದ ನಂತರ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಸಮೀಕ್ಷೆಗೆ ಹೊರಟ. ಮಲಬಾರಿನ ಅಂಗಾಡಿಪುರಂ ಬಳಿ ಅವನು ವಿಚಿತ್ರ ಕಲ್ಲೊಂದನ್ನು ಕಂಡ. ನೆಲದಲ್ಲಿದ್ದಾಗ ಮೆತ್ತಗೆ; ಕಬ್ಬಿಣದ ಸಲಕರಣೆಯಿಂದ ಚೌಕವಾಗಿ ಕತ್ತರಿಸಿ ಗಾಳಿಗಿಟ್ಟರೆ ಗಟ್ಟಿಯಾಗಿ ಇಟ್ಟಿಗೆಯಂತಾಗುತ್ತದೆ. ಮಂಗಳೂರು, ಉಡುಪಿಯ ಕಡೆಯವರಿಗೆ ಇದು ದಿನನಿತ್ಯದ ಮುರಕಲ್ಲು. ಇಲ್ಲಿಯ ಹಲವು ನುಡಿಗಳಲ್ಲಿ ಇದಕ್ಕೆ 'ಇಟಿಕ ಕಲ್ಲು' ಎನ್ನುತ್ತಾರೆ ಎಂದು ಅವನು ಬರೆದುಕೊಂಡ. 1807ರಲ್ಲಿ ಪ್ರಕಟವಾದ ಪ್ರವಾಸಕಥನದಲ್ಲಿ ಅದಕ್ಕೊಂದು ವೈಜ್ಞಾನಿಕ ಹೆಸರು ಸೂಚಿಸಬೇಕಾದಾಗ ಊರಿನವರ ಮಾತನ್ನೇ ಹಿಡಿದು, ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ 'ಲ್ಯಾಟರ್' ಎಂಬ ಪದದಿಂದ 'ಲ್ಯಾಟರೈಟ್' ಎಂದ. ಆಫ್ರಿಕಾದಿಂದ ಬ್ರೆಜಿಲ್‌ವರೆಗೆ ಈ ಬಗೆಯ ಮಣ್ಣು ಕಲ್ಲುಗಳಿಗೆಲ್ಲ ಭೂವಿಜ್ಞಾನಿಗಳು ಇಂದು ಬಳಸುವುದು ಅದೇ ಹೆಸರನ್ನು. ಅಂಗಾಡಿಪುರದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1979ರಲ್ಲಿ ಬುಕಾನನ್‌ನ ನೆನಪಿಗೆ ಸ್ಮಾರಕವೊಂದನ್ನು ನಿಲ್ಲಿಸಿದೆ.